ಕೊಯ್ಯಬಾರದ ಹೆಣ, ಬರೆಯಬೇಕಾದ ವರದಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಂದು ಹೊಲದಲ್ಲಿ ಬೆಳಿಗ್ಗೆ ಎತ್ತೊಂದು ಸತ್ತು ಬಿದ್ದಿದೆ ಎಂದುಕೊಳ್ಳೋಣ. ರಾತ್ರಿ ಮೇವು ತಿಂದು ಮಲಗಿದ್ದ ಎತ್ತು. ಹೊಟ್ಟೆ ಆಗಲೇ ಉಬ್ಬಿದೆ, ಮೂಗಿನಲ್ಲಿ ಕಪ್ಪು ರಕ್ತ ಒಸರಿದೆ, ಕಾಲುಗಳು ಸೆಟೆದಿಲ್ಲ. ಪಕ್ಕದಲ್ಲಿ ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಹೊಲವೂ ಇದೆ. ಜೋಳದ ವಿಷವಿರಬಹುದು, ಹಾವು ಕಚ್ಚಿರಬಹುದು, ಚಪ್ಪೆ ರೋಗವಿರಬಹುದು, ನೆರಡಿ ಎಂದು ಹಳ್ಳಿಯವರು ಹೆದರುವ ಆಂಥ್ರಾಕ್ಸ್ ಇರಬಹುದು. ಸುತ್ತ ಊರಿನ ಅರ್ಧ ಜನ ಸೇರಿದ್ದಾರೆ. ಮಾಲೀಕನಿಗೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಅದು ಕೈಯಲ್ಲಿಲ್ಲದೆ ವಿಮೆಯೂ ಸಿಗದು, ಸರ್ಕಾರದ ಪರಿಹಾರವೂ ಸಿಗದು ಎಂದು ಅವನಿಗೆ ಯಾರೋ ಹೇಳಿ ಕಳಿಸಿದ್ದಾರೆ. ಆ ಹೇಳಿಕೆಯಲ್ಲಿ ಸುಳ್ಳೇನೂ ಇಲ್ಲ.

ಇಲ್ಲಿ ಪಶುವೈದ್ಯರು ಮಾಡಬೇಕಾದ ಮೊದಲ ಕೆಲಸ ಚಾಕುವನ್ನು ಹೊರಗೆ ತೆಗೆಯದಿರುವುದು. ಆಂಥ್ರಾಕ್ಸ್ ಅನುಮಾನವಿದ್ದ ಹೆಣವನ್ನು ಕೊಯ್ಯಬಾರದು. ದೇಹದೊಳಗಿರುವ ಬ್ಯಾಕ್ಟೀರಿಯಾ ಗಾಳಿ ತಾಗಿದೊಡನೆ ಬೀಜಕಣಗಳಾಗಿ ಮಾರ್ಪಡುತ್ತದೆ, ಆ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತವೆ, ಮುಂದಿನ ಎತ್ತಿಗೂ ಚರ್ಮ ಸುಲಿದವನಿಗೂ ಅಂಟುತ್ತವೆ. ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಹೆಣವನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸಬೇಕು, ಮೇಲಿನವರಿಗೆ ವರದಿ ಮಾಡಬೇಕು. ಆಂಥ್ರಾಕ್ಸ್ 2009ರ ಜಾನುವಾರು ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವ ರೋಗ. ಪಶುವೈದ್ಯ ಪದವಿ ಪಡೆದ ಯಾರಿಗಾದರೂ ಇದೆಲ್ಲ ಗೊತ್ತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ ಎಲ್ಲರೂ.

ಪ್ರಶ್ನೆಪತ್ರಿಕೆ ಕೇಳದ ಭಾಗ ಬೇರೆಯೇ ಇದೆ. ‘ಕೊಯ್ಯುವುದಿಲ್ಲ’ ಎಂಬ ಮಾತನ್ನು ಸಾಲ ಮಾಡಿ ಎತ್ತು ತಂದವನಿಗೆ ಹೇಗೆ ಹೇಳಬೇಕು? ‘ಡಾಕ್ಟರು ಹೆದರಿ ಓಡಿದರು’ ಎಂಬ ಮಾತು ಹುಟ್ಟುವ ಮೊದಲೇ ಕಾರಣವನ್ನು ಹೇಗೆ ತಿಳಿಸಬೇಕು? ಹೊಟ್ಟೆ ತೆರೆಯದೆಯೇ, ಕಂಡದ್ದನ್ನಷ್ಟೇ ಆಧಾರವಾಗಿಟ್ಟು, ಮಾಲೀಕನ ಪರಿಹಾರಕ್ಕೂ ಧಕ್ಕೆಯಾಗದ, ಸುಳ್ಳೂ ಅಲ್ಲದ ವರದಿಯನ್ನು ಹೇಗೆ ಬರೆಯಬೇಕು? ಚರ್ಮ ಸುಲಿಯಲು ಬಂದು ನಿಂತವರನ್ನು ಹೇಗೆ ತಡೆಯಬೇಕು? ಸರ್ಕಾರದ ಪರಿಹಾರ ಯೋಜನೆಯಾದ ‘ಅನುಗ್ರಹ’ದಲ್ಲಿ, ಸತ್ತ ಹಸು, ಎಮ್ಮೆ, ಎತ್ತಿಗೆ ಕೊಡುತ್ತಿದ್ದ 10,000 ರೂಪಾಯಿಯನ್ನು 2025–26ರ ರಾಜ್ಯ ಬಜೆಟ್ 15,000ಕ್ಕೂ, ಕುರಿ ಮೇಕೆಗಳ 5,000ವನ್ನು 7,500ಕ್ಕೂ ಏರಿಸಿತು. ಅಷ್ಟು ಹಣಕ್ಕೆ ಬೇಕಾದ ಕಾಗದ ಈ ಒಬ್ಬರ ಪೆನ್ನಿನಿಂದ ಹೊರಡಬೇಕು. ರೋಗದ ಜ್ಞಾನ, ಕಾನೂನು, ಮಾತು, ಪ್ರಾಮಾಣಿಕತೆ, ತನ್ನ ಜೀವದ ಮೇಲಿನ ಎಚ್ಚರ ಎಲ್ಲವೂ ಅದೇ ಅರ್ಧ ಗಂಟೆಯಲ್ಲಿ ಬೇಕಾಗುತ್ತವೆ, ಅವುಗಳನ್ನು ಬಿಡಿಬಿಡಿಯಾಗಿ ಬಳಸಲು ಅವಕಾಶವೇ ಇಲ್ಲ.

ಇಂಥ ಸಾಮರ್ಥ್ಯಗಳನ್ನು ನಮ್ಮಲ್ಲಿ ‘ಅನುಭವದಿಂದ ಬರುತ್ತದೆ ಬಿಡಿ’ ಎಂದು ತಳ್ಳಿಹಾಕುವ ರೂಢಿ ಇದೆ. ನನಗೆ ಈ ಮಾತಿನ ಮೇಲೆ ಭಾರಿ ಅನುಮಾನ. ಅನುಭವದಿಂದ ಕೆಟ್ಟ ಅಭ್ಯಾಸವೂ ಅಷ್ಟೇ ಗಟ್ಟಿಯಾಗಿ ಬರುತ್ತದೆ. ಕೇಳಿದವರಿಗೆಲ್ಲ ಒಂದು ಸೂಜಿ ಚುಚ್ಚಿ ಕಳಿಸುವುದು, ನೋಡದ ಹೆಣಕ್ಕೆ ಸಹಿ ಹಾಕುವುದು, ಗ್ಲೌಸ್ ಇಲ್ಲದ ಕೈಯಲ್ಲಿ ಈದ ಹಸುವಿನ ಮಾಸು ತೆಗೆಯುವುದು, ಇವೆಲ್ಲವೂ ಅನುಭವದ ಕೊಡುಗೆಗಳೇ. ಯಾರಾದರೂ ನೋಡಿ, ತಿದ್ದಿ, ಮತ್ತೆ ಮಾಡಿಸಿದಾಗ ಮಾತ್ರ ಅನುಭವ ಕೌಶಲವಾಗುತ್ತದೆ. ನಮ್ಮ ಪಶುವೈದ್ಯ ಶಿಕ್ಷಣದಲ್ಲಿ ತೆಳ್ಳಗಿರುವುದು ಈ ‘ನೋಡಿ ತಿದ್ದುವ’ ಭಾಗ.

ಪಠ್ಯಕ್ರಮದ ಮಟ್ಟಿಗೆ ದೊಡ್ಡ ದೂರೇನೂ ಇಲ್ಲ. ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ನಿಯಮಗಳಂತೆ ಬಿ.ವಿ.ಎಸ್ಸಿ. ಪದವಿ ಐದೂವರೆ ವರ್ಷದ್ದು, ಅದರಲ್ಲಿ ಕೊನೆಯ ಇಡೀ ಒಂದು ವರ್ಷ ಇಂಟರ್ನ್‌ಶಿಪ್. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೂ 2012ರಲ್ಲಿ, ಪದವಿ ಪಡೆದ ಮೊದಲ ದಿನವೇ ಪಶುವೈದ್ಯರಲ್ಲಿ ಇರಬೇಕಾದ ಸಾಮರ್ಥ್ಯಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಸಾಂಕ್ರಾಮಿಕ ರೋಗ, ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗ, ಆಹಾರ ಸುರಕ್ಷತೆ, ಔಷಧ ಬಳಕೆಗಳ ಸಾಲಿನಲ್ಲೇ ಕಾನೂನು ಮತ್ತು ನೀತಿ, ಪ್ರಮಾಣಪತ್ರ ಕೊಡುವ ಕ್ರಮ, ಸಂವಹನ ಇವೂ ಮೂಲ ಸಾಮರ್ಥ್ಯಗಳಾಗಿಯೇ ಇವೆ. ಶಸ್ತ್ರಚಿಕಿತ್ಸೆ ಕಲಿತ ಮೇಲೆ ಸಮಯ ಉಳಿದರೆ ನೋಡೋಣ ಎನ್ನುವಂಥ ವಿಷಯಗಳಾಗಿ ಅಲ್ಲ.

ತೊಡಕು ಇರುವುದು ಕಲಿಯುವ ಜಾಗದಲ್ಲಿ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗ, ಅಥಣಿಗಳಲ್ಲಿ ಅದರ ಕಾಲೇಜುಗಳಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಪಟ್ಟಿಯಲ್ಲಿ ಇಲ್ಲ. ಕಾಲೇಜಿನ ಆಸ್ಪತ್ರೆಗೆ ಬರುವ ರೋಗಿಗೂ ಇಲ್ಲಿನ ರೋಗಿಗೂ ವ್ಯತ್ಯಾಸ ದೊಡ್ಡದು. ಅಲ್ಲಿ ಮಾಲೀಕ ಪ್ರಾಣಿಯನ್ನು ಹಿಡಿದುಕೊಂಡು ಬರುತ್ತಾನೆ, ಎಕ್ಸ್‌ರೇ ಇದೆ, ಪ್ರಯೋಗಾಲಯ ಇದೆ, ಪಕ್ಕದ ಕೋಣೆಯಲ್ಲಿ ಪ್ರಾಧ್ಯಾಪಕರಿದ್ದಾರೆ. ಇಲ್ಲಿನ ರೋಗಿ ಬಹಳ ಸಲ ಒಂದು ಪ್ರಾಣಿಯೇ ಅಲ್ಲ, ನಡೆದು ಹೋಗುತ್ತಿರುವ ಒಂದು ಹಿಂಡು.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಗಳ ನಂತರದ ಸ್ಥಾನ ನಮ್ಮದು. ಕಂದುಗೆಂಪು ಮೈಯ ಕೆಂಗುರಿ ರಾಯಚೂರು, ಕೊಪ್ಪಳ ಸೀಮೆಯ ತಳಿ. ಬಳ್ಳಾರಿಯ ಹೆಸರನ್ನೇ ಹೊತ್ತ ಇನ್ನೊಂದು ತಳಿ ಇದೆ. ಬೇಸಿಗೆ ಹತ್ತಿರವಾದಂತೆ ಒಣಭೂಮಿಯ ಕುರಿಗಾಹಿಗಳು ಹಿಂಡುಗಳನ್ನು ಹೊಡೆದುಕೊಂಡು ತುಂಗಭದ್ರೆಯ ಕಾಲುವೆಯ ಕೆಳಗಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳತ್ತ ಇಳಿಯುತ್ತಾರೆ. ಕಟಾವಾದ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗದ್ದೆಯವನಿಗೆ ಗೊಬ್ಬರ, ಕುರಿಯವನಿಗೆ ಮೇವು, ಜೊತೆಗೆ ಅಷ್ಟಿಷ್ಟು ದುಡ್ಡು ಅಥವಾ ಕಾಳು.

ಈ ಹಿಂಡಿನಲ್ಲಿ ನಾಲ್ಕು ಕುರಿ ಸತ್ತವು ಎಂಬ ಕರೆ ಬಂದಾಗ ಪಶುವೈದ್ಯರು ಐದನೆಯ ಕುರಿಗೆ ಇಂಜೆಕ್ಷನ್ ಕೊಟ್ಟು ಬಂದರೆ ಅದು ಚಿಕಿತ್ಸೆಯಾಯಿತು, ಕೆಲಸವಾಗಲಿಲ್ಲ. ಹಿಂಡು ಎಲ್ಲಿಂದ ಹೊರಟಿತು, ದಾರಿಯಲ್ಲಿ ಯಾವ ಹಿಂಡಿನ ಜೊತೆ ಬೆರೆಯಿತು, ಸಂತೆಯಿಂದ ಹೊಸ ಕುರಿ ತಂದರೇ, ಸತ್ತವು ಮರಿಗಳೋ ದೊಡ್ಡವೋ, ಚೆನ್ನಾಗಿ ಮೇಯ್ದ ದಷ್ಟಪುಷ್ಟ ಕುರಿಗಳೇ ಮೊದಲು ಸತ್ತವೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಹೌದು ಎಂದರೆ ಕರುಳುಬೇನೆಯ ಕಡೆಗೆ ಯೋಚನೆ ಹರಿಯಬೇಕು. ಕಣ್ಣು ಮೂಗಲ್ಲಿ ಸುರಿತ, ಬಾಯಿಹುಣ್ಣು, ಭೇದಿ ಒಟ್ಟಿಗಿದ್ದರೆ ಪಿಪಿಆರ್ ಎಂಬ, ಕುರಿ ಮೇಕೆಗಳ ವೈರಾಣು ರೋಗ. ಮಳೆಗಾಲದ ಬೆನ್ನಿಗೆ, ತುಟಿ ಮುಖ ಊದಿ ಕುಂಟತೊಡಗಿದರೆ ನೊರಜುಗಳು ಹರಡುವ ನೀಲಿ ನಾಲಿಗೆ ರೋಗ. ಗದ್ದೆಯ ನಿಂತ ನೀರಿನ ಬಳಿ ತಿಂಗಳುಗಟ್ಟಲೆ ಮೇಯ್ದು ಸೊರಗಿ, ದವಡೆಯ ಕೆಳಗೆ ನೀರು ತುಂಬಿಕೊಂಡಿದ್ದರೆ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಹುಳು. ಒಣಸೀಮೆಯಿಂದ ಕಾಲುವೆ ಸೀಮೆಗೆ ಇಳಿದ ಹಿಂಡಿನ ರೋಗಗಳ ಪಟ್ಟಿ ನಡುದಾರಿಯಲ್ಲೇ ಬದಲಾಗಿರುತ್ತದೆ. ಅಂಗಡಿಯಲ್ಲಿ ಕೊಂಡ ಜಂತುನಾಶಕವನ್ನು ಕುರಿಗಾಹಿ ಆಗಲೇ ಅಂದಾಜಿನಲ್ಲಿ ಕುಡಿಸಿರುತ್ತಾನೆ, ಅದು ಬೇರೆ ಜಾತಿಯ ಹುಳುವಿನ ಔಷಧವೂ ಆಗಿರಬಹುದು. ಯಾವ ಔಷಧ, ಎಷ್ಟು ಕೊಟ್ಟೆ ಎಂದು ಅವನಿಂದ ನಿಜ ಹೊರಡಿಸುವುದೇ ಒಂದು ವಿದ್ಯೆ. ಗದರಿದರೆ ಆ ನಿಜ ಹೊರಡುವುದಿಲ್ಲ.

ಹಿಂಡನ್ನು ಓದುವ ಈ ಕಲೆಯನ್ನು ಉಪನ್ಯಾಸದಲ್ಲಿ ಕಲಿಸಲಾಗದು. ಹಾಗೆಂದು ಕಲಿಸಲಾಗದ್ದೇನೂ ಅಲ್ಲ. ಇಂಟರ್ನ್ ಒಬ್ಬಳನ್ನು ಹಿಂಡಿನ ಮುಂದೆ ನಿಲ್ಲಿಸಿ, ಹದಿನೈದು ನಿಮಿಷ ಅವಳೇ ಪ್ರಶ್ನೆ ಕೇಳಲಿ ಎಂದು ಬಿಟ್ಟು, ಹಿರಿಯರು ಬಾಯಿ ಮುಚ್ಚಿಕೊಂಡು ನಿಂತು ನೋಡಬೇಕು. ಈ ಬಾಯಿ ಮುಚ್ಚಿಕೊಳ್ಳುವುದು ನಮ್ಮ ಗುರುಗಳಿಗೆ ಕಷ್ಟದ ಕೆಲಸ. ಆಮೇಲೆ ಪಕ್ಕಕ್ಕೆ ಕರೆದು, ಯಾವ ಪ್ರಶ್ನೆ ಚೆನ್ನಾಗಿತ್ತು, ಯಾವುದನ್ನು ಬಿಟ್ಟೆ, ಎಲ್ಲಿ ಅವನ ಮಾತನ್ನು ಅರ್ಧಕ್ಕೆ ತಡೆದೆ ಎಂದು ಹೇಳಬೇಕು, ಮರುದಿನ ಇನ್ನೊಂದು ಹಿಂಡಿನಲ್ಲಿ ಮತ್ತೆ ಮಾಡಿಸಬೇಕು. ಮನುಷ್ಯರ ವೈದ್ಯಶಿಕ್ಷಣದಲ್ಲಿ ರೋಗಿಯ ಎದುರೇ ಕಿರಿಯರನ್ನು ಗಮನಿಸಿ, ಅಲ್ಲೇ ತಿದ್ದಿ, ಟಿಪ್ಪಣಿ ಬರೆದುಕೊಡುವ ಪದ್ಧತಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ. ನೋಡುವುದಕ್ಕೆ ಒಬ್ಬರು, ಅವರಿಗೆ ಸಮಯ, ಇಷ್ಟು ಸಾಕು.

ಮಾತಿನ ವಿಷಯಕ್ಕೆ ಬಂದರೆ ಈ ಮೂರು ಜಿಲ್ಲೆಗಳಲ್ಲಿ ಇನ್ನೊಂದು ತೊಡಕೂ ಇದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಕೇಳುತ್ತದೆ, ತಾಂಡಾಗಳಲ್ಲಿ ಲಂಬಾಣಿ. ಮೈಸೂರು ಕಡೆಯಿಂದ ಬಂದ ಹೊಸ ವೈದ್ಯರಿಗೆ ಕುಷ್ಟಗಿಯ ಕನ್ನಡವೇ ಮೊದಮೊದಲು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಎಮ್ಮೆಯ ಮೈದಡವುವ, ಹಾಲು ಕರೆಯುವ, ಸಗಣಿ ಬಳಿಯುವ ಹೆಂಗಸು ಮನೆಯಲ್ಲೇ ಉಳಿದಿರುತ್ತಾಳೆ. ದವಾಖಾನೆಗೆ ಬಂದು ಉತ್ತರ ಕೊಡುವವನು ಗಂಡ. ‘ಮೇವು ಬಿಟ್ಟು ಎಷ್ಟು ದಿನವಾಯಿತು?’ ಎಂದರೆ ಅವನು ‘ನಿನ್ನೆಯಿಂದ’ ಎನ್ನುತ್ತಾನೆ, ಅವಳನ್ನು ಕೇಳಿದರೆ ನಾಲ್ಕು ದಿನ. ಕೆಚ್ಚಲು ಬಾವಿನ ಮೊದಲ ಸುಳಿವಾದ ಹಾಲಿನ ಹೆಪ್ಪು ಅವಳ ಬೆರಳಿಗೆ ಸಿಕ್ಕಿರುತ್ತದೆಯೇ ಹೊರತು ಅವನ ಕಣ್ಣಿಗಲ್ಲ. ಹಾಗಾಗಿ ಫೋನು ಹಚ್ಚಿಸಿ ಅವಳೊಂದಿಗೆ ಮಾತನಾಡುವುದು ಸೌಜನ್ಯದ ಪ್ರಶ್ನೆಯಲ್ಲ, ರೋಗ ಪತ್ತೆಯ ಭಾಗ. ಕಾಲೇಜಿನಲ್ಲಿ ನಾಟಕದಂತೆ ಒಬ್ಬರು ಮಾಲೀಕರಾಗಿ, ಒಬ್ಬರು ವೈದ್ಯರಾಗಿ ಅಭ್ಯಾಸ ಮಾಡಿಸುವುದನ್ನು ಕಂಡು ಕೆಲವರು ನಗುತ್ತಾರೆ. ಹೊಲಿಗೆ ಹಾಕುವುದನ್ನು ರಬ್ಬರ್ ಹಾಳೆಯ ಮೇಲೆ ಕಲಿಸುವಾಗ ಯಾರೂ ನಗುವುದಿಲ್ಲ.

ಔಷಧ ಬರೆಯುವುದೂ ಹಾಗೆಯೇ. ಸೂಜಿ ಬೇಡ, ಎರಡು ದಿನ ನೋಡೋಣ ಎಂದು ಹೇಳಲು ಇಂಜೆಕ್ಷನ್ ಕೊಡುವುದಕ್ಕಿಂತ ಹೆಚ್ಚು ಧೈರ್ಯ ಬೇಕು. ಪ್ರತಿಜೀವಕ ಕೊಟ್ಟ ಎಮ್ಮೆಯ ಹಾಲನ್ನು ಔಷಧದ ಚೀಟಿ ಹೇಳಿದಷ್ಟು ದಿನ ಡೇರಿಗೆ ಹಾಕಬಾರದು. ಆದರೆ ಆ ಹಾಲೇ ಆ ಮನೆಯ ದಿನದ ಆದಾಯ. ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ) ಹಾಲು ಒಕ್ಕೂಟದ ಸಂಘದಲ್ಲಿ ಹಾಲು ಅಳೆಯುವ ಮನೆಗೆ ‘ಇಷ್ಟು ದಿನ ಹಾಕಬೇಡಿ’ ಎನ್ನುವಾಗ ನಷ್ಟದ ಲೆಕ್ಕವನ್ನೂ ಅವರೊಂದಿಗೆ ಕೂತು ಮಾಡಬೇಕಾಗುತ್ತದೆ. ನಿಯಮಗಳೂ ನಿಂತಲ್ಲಿ ನಿಂತಿಲ್ಲ. ರಣಹದ್ದುಗಳನ್ನು ಕೊಲ್ಲುತ್ತದೆ ಎಂದು ಡೈಕ್ಲೋಫಿನ್ಯಾಕ್ ಅನ್ನು ಪಶುಗಳಿಗೆ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಯಿತು, ಅದೇ ಕಾರಣಕ್ಕೆ 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫಿನ್ಯಾಕ್ ಹೋದವು. ಆಹಾರ ಕೊಡುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆ 2019ರಲ್ಲಿ ನಿಂತಿತು. ಪದವಿ ಪಡೆದ ವರ್ಷದ ಔಷಧ ಪಟ್ಟಿಯನ್ನೇ ನಿವೃತ್ತಿಯವರೆಗೆ ಹಿಡಿದು ಕೂತರೆ ಏನಾಗುತ್ತದೆ ಎಂಬುದಕ್ಕೆ ಇಷ್ಟೇ ಉದಾಹರಣೆ ಸಾಕು.

ತನ್ನ ಜೀವ ಕಾಪಾಡಿಕೊಳ್ಳುವ ಕೌಶಲವನ್ನು ಯಾರೂ ಕೌಶಲ ಎಂದೇ ಕರೆಯುವುದಿಲ್ಲ. ಜೊಲ್ಲು ಸುರಿಸುತ್ತ, ನುಂಗಲಾಗದೆ ಒದ್ದಾಡುವ ಎಮ್ಮೆಯನ್ನು ತಂದು ‘ಗಂಟಲಲ್ಲಿ ಏನೋ ಸಿಕ್ಕಿದೆ’ ಎನ್ನುತ್ತಾರೆ. ಕೈ ಹಾಕಿ ನೋಡುವುದು ಸಹಜ ಪ್ರತಿಕ್ರಿಯೆ. ಅದು ರೇಬೀಸ್ ಆಗಿದ್ದರೆ? ಮೊದಲೇ ಲಸಿಕೆ ಹಾಕಿಸಿಕೊಳ್ಳದ, ಕೈಗವಸು ತೊಡದ ವೈದ್ಯರೂ ಸಹಾಯಕರೂ ಆ ಒಂದು ಕ್ಷಣದಲ್ಲಿ ಸಾವಿನ ಬಾಯಿಗೆ ಕೈ ಹಾಕಿರುತ್ತಾರೆ. ಕಂದುರೋಗ ಅಂದರೆ ಬ್ರುಸೆಲ್ಲಾ ಇನ್ನೂ ಮೋಸದ್ದು. ಕಂದು ಹಾಕಿದ, ಅಂದರೆ ಗರ್ಭಪಾತವಾದ ಹಸುವಿನ ಮಾಸಿನಿಂದಲೂ ಬರುತ್ತದೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಲಸಿಕೆಯ ಸೂಜಿ ತನಗೇ ಚುಚ್ಚಿಕೊಂಡರೂ ಬರಬಹುದು, ಏಕೆಂದರೆ ಆ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು. ಎಷ್ಟೋ ಸಲ ಅದನ್ನು ಮಲೇರಿಯಾ, ಟೈಫಾಯ್ಡ್ ಎಂದು ಕಳೆಯುತ್ತಾರೆ. ವಿದ್ಯಾರ್ಥಿಗಳು ಗುರುಗಳ ಮಾತಿಗಿಂತ ಗುರುಗಳ ಕೈಯನ್ನೇ ನೋಡಿ ಕಲಿಯುವ ಜಾಗ ಇದು. ಹಿರಿಯರು ಬರಿಗೈಯಲ್ಲಿ ಮಾಸು ತೆಗೆದರೆ ಪಾಠ ಅಲ್ಲಿಗೆ ಮುಗಿಯಿತು.

ಹಾಗಾದರೆ ಪರೀಕ್ಷೆ ಹೇಗಿರಬೇಕು? ಅಂಕ ಎಲ್ಲಿದೆಯೋ ವಿದ್ಯಾರ್ಥಿಯ ಓದು ಅಲ್ಲಿರುತ್ತದೆ, ಇದರಲ್ಲಿ ನೈತಿಕ ದೂರು ಹೇಳುವಂಥದ್ದೇನೂ ಇಲ್ಲ. ಆಂಥ್ರಾಕ್ಸಿನ ಲಕ್ಷಣಗಳನ್ನು ಬರೆಯಿರಿ ಎನ್ನುವ ಬದಲು, ಮೇಲೆ ಹೇಳಿದ ಹೊಲದ ವಿವರ ಕೊಟ್ಟು ವರದಿ ಬರೆಯಿಸಿ, ಅದರಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಬೇರೆಬೇರೆಯಾಗಿದೆಯೇ ಎಂದು ನೋಡಿ ಅಂಕ ಕೊಡಬಹುದು. ಕೋಣೆಯಿಂದ ಕೋಣೆಗೆ ಹೋಗುತ್ತ, ಪ್ರತಿ ಕೋಣೆಯಲ್ಲಿ ಕೆಲವು ನಿಮಿಷದಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷಾ ಪದ್ಧತಿ ಹಲವು ದೇಶಗಳ ಪಶುವೈದ್ಯ ಕಾಲೇಜುಗಳಲ್ಲಿದೆ. ಒಂದು ಕೋಣೆಯಲ್ಲಿ ರಕ್ತಲೇಪನ, ಇನ್ನೊಂದರಲ್ಲಿ ಪಶು ಸಹಾಯವಾಣಿ 1962ಕ್ಕೆ ಬಂದ ಮೂರು ಕರೆಗಳು: ಸಂಕಟಪಡುತ್ತಿರುವ ಹಸುವಿಗೆ ಕರು ಅಡ್ಡ ಬಂದಿದೆ, ನಾಲ್ಕು ದಿನದಿಂದ ಕುಂಟುತ್ತಿರುವ ಎತ್ತು, ಹೊಟ್ಟೆ ಉಬ್ಬಿ ಉಸಿರಾಡಲಾಗದ ಮೇಕೆ. ಸಂಚಾರಿ ಪಶು ಚಿಕಿತ್ಸಾ ವಾಹನ ಒಂದೇ. ಯಾರ ಮನೆಗೆ ಮೊದಲು? ದಾರಿಯಲ್ಲಿರುವಾಗ ಮೇಕೆಯವನಿಗೆ ಫೋನಿನಲ್ಲಿ ಏನು ಹೇಳುತ್ತೀರಿ? ಎತ್ತಿನವನಿಗೆ ನಾಳೆ ಎಂದು ಹೇಗೆ ಹೇಳುತ್ತೀರಿ? ಉತ್ತರ ತಪ್ಪಿದರೂ ಸಾಯುವವರು ಯಾರೂ ಇಲ್ಲದ ಜಾಗದಲ್ಲೇ ಇದನ್ನು ಒಮ್ಮೆ ತಪ್ಪಿಬಿಡುವುದು ಒಳ್ಳೆಯದು.

ಇಷ್ಟು ಹೊತ್ತಿಗೆ ಇಲಾಖೆಯಲ್ಲಿ ದುಡಿಯುವ ಯಾರಾದರೂ ಸಿಟ್ಟಾಗಿರುತ್ತಾರೆ. ಖಾಲಿ ಹುದ್ದೆ, ಒಬ್ಬರಿಗೇ ಎರಡು ಮೂರು ಕೇಂದ್ರಗಳ ಹೆಚ್ಚುವರಿ ಹೊಣೆ, ಲಸಿಕೆ ಅಭಿಯಾನ, ಗಣತಿ, ಸಭೆ, ಆನ್‌ಲೈನ್ ವರದಿ. ಇವುಗಳ ನಡುವೆ ಸಂವಹನ ಕೌಶಲದ ಉಪದೇಶ ಯಾರಿಗೆ ಬೇಕು? ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಐದು ಸಾವಿರ ಜಾನುವಾರು ಘಟಕಕ್ಕೆ (ಕುರಿ ಮೇಕೆಗಳನ್ನೂ ದನದ ಲೆಕ್ಕಕ್ಕೆ ಇಳಿಸಿ ಎಣಿಸುವ ಅಳತೆ) ಒಂದು ಪಶುವೈದ್ಯ ಸಂಸ್ಥೆ ಇರಬೇಕು ಎಂದಿತ್ತು. ಈಗಿನ ಸಂಚಾರಿ ವಾಹನಗಳ ಲೆಕ್ಕಾಚಾರವೇ ಲಕ್ಷ ಪ್ರಾಣಿಗೆ ಒಂದು. ಸಿಟ್ಟು ನ್ಯಾಯವಾದದ್ದು. ಜನ ಸಾಲದಿರುವ ಕಡೆ ತರಬೇತಿ ಶಿಬಿರ ನಡೆಸಿ, ಆಮೇಲೆ ತಪ್ಪಾದಾಗ ‘ನಿಮಗೆ ತರಬೇತಿ ಕೊಟ್ಟಿದ್ದೆವಲ್ಲ’ ಎಂದು ವೈದ್ಯರ ತಲೆಗೆ ಕಟ್ಟುವುದು ಸರ್ಕಾರಿ ಕಚೇರಿಗಳಿಗೆ ಬಹಳ ಇಷ್ಟದ ದಾರಿ. ಕೌಶಲದ ಮಾತು ಹುದ್ದೆ ತುಂಬದಿರುವುದಕ್ಕೆ ನೆಪವಾಗಬಾರದು.

ಆದರೂ ಕೊರತೆಯಿರುವಲ್ಲೇ ಈ ಕೌಶಲಗಳ ಬೆಲೆ ಏರುತ್ತದೆ. ಯಾವುದು ಕಾಯಬಹುದು, ಯಾವುದು ಕಾಯಲಾರದು ಎಂದು ಬೇಗ ಬೇರ್ಪಡಿಸುವುದು, ತರಬೇತಿ ಪಡೆದ ಹಳ್ಳಿಯ ಹೆಂಗಸರಾದ ಪಶು ಸಖಿಯರಿಗೆ ಯಾವ ಕೆಲಸ ಒಪ್ಪಿಸಬಹುದು, ಯಾವುದನ್ನು ಎಂದೂ ಒಪ್ಪಿಸಬಾರದು ಎಂದು ತಿಳಿಯುವುದು, ನಲವತ್ತು ಡಿಗ್ರಿ ದಾಟಿದ ರಾಯಚೂರಿನ ಬಿಸಿಲಲ್ಲಿ ಕಲಸಿದ ಪಿಪಿಆರ್ ಲಸಿಕೆ ಕೆಡದಂತೆ ಒಂದು ಬೆಳಗಿನ ಕೆಲಸವನ್ನು ಹೊಂದಿಸುವುದು. ಇವು ಬರದಿದ್ದರೆ ಇರುವ ಒಬ್ಬರ ದಿನವೂ ವ್ಯರ್ಥ. ಪಿಪಿಆರ್ ಅನ್ನು 2030ರೊಳಗೆ ಜಗತ್ತಿನಿಂದಲೇ ಅಳಿಸುವ ಗುರಿಯಿದೆ. ದನಗಳ ದೊಡ್ಡರೋಗ 2011ರಲ್ಲಿ ಹಾಗೆ ಅಳಿದದ್ದು ಲಸಿಕೆಯ ಜೊತೆಗೆ ಊರೂರು ಅಲೆದು ರೋಗ ಹುಡುಕಿ, ಬರೆದಿಟ್ಟು, ಜನರನ್ನು ಒಪ್ಪಿಸಿದವರಿಂದ.

ಮಾಡಬಹುದಾದ ಮೊದಲ ಕೆಲಸ ದುಬಾರಿಯದಲ್ಲ. ಗದಗದ ಕಾಲೇಜು ಕೊಪ್ಪಳದ ಮಗ್ಗುಲಲ್ಲೇ ಇದೆ, ಬೀದರ್ ಕಲ್ಯಾಣ ಕರ್ನಾಟಕದ್ದೇ. ಅಲ್ಲಿನ ಇಂಟರ್ನ್‌ಗಳನ್ನು ಕೆಲವು ವಾರ ಕುಷ್ಟಗಿ, ಲಿಂಗಸುಗೂರು, ಸಿರುಗುಪ್ಪದ ಚಿಕಿತ್ಸಾಲಯಗಳಿಗೆ ಕಳಿಸಬೇಕು. ಒಂದು ಸರದಿ ಕುರಿಗಳು ಒಣಸೀಮೆಯಲ್ಲಿರುವಾಗ, ಇನ್ನೊಂದು ಅವು ಕಾಲುವೆ ಸೀಮೆಗೆ ಇಳಿದಾಗ. ದಾಖಲೆ ಪುಸ್ತಕಕ್ಕೆ ಕೊನೆಯ ದಿನ ಒಟ್ಟಿಗೆ ಸಹಿ ಹಾಕಿ ಕಳಿಸುವ ವ್ಯವಸ್ಥೆಯಾದರೆ ಈ ಪ್ರಯಾಸ ಬೇಡ, ಅವರು ಕಾಲೇಜಿನಲ್ಲೇ ಇರಲಿ. ಪ್ರತಿ ತಾಲ್ಲೂಕಿನಲ್ಲಿ ಕಲಿಸುವ ಮನಸ್ಸಿರುವ ಒಬ್ಬ ಅನುಭವಿ ವೈದ್ಯಾಧಿಕಾರಿಯನ್ನು ಆರಿಸಿ, ಕಲಿಸುವುದು ಹೇಗೆ ಎಂಬುದನ್ನು ಅವರಿಗೂ ಕಲಿಸಬೇಕು, ಅದಕ್ಕೆ ಗೌರವಧನ ಕೊಡಬೇಕು. ಇಂಟರ್ನ್ ಜೊತೆಗಿರುವ ದಿನಗಳಲ್ಲಿ ಹೆಚ್ಚುವರಿ ಕೇಂದ್ರದ ಹೊಣೆಯನ್ನು ಅವರಿಂದ ಇಳಿಸಬೇಕು, ಕುರಿಹಟ್ಟಿಗೆ ಹೋಗಲು ಒಂದು ಗಾಡಿ ಬೇಕು. ಹೆಣ್ಣು ವಿದ್ಯಾರ್ಥಿಗಳಿಗೆ ತಾಲ್ಲೂಕು ಕೇಂದ್ರದಲ್ಲಿ ಸುರಕ್ಷಿತ ವಸತಿ ಬೇಕು, ಇದನ್ನು ಹೊಂದಿಸದೆ ಉಳಿದದ್ದನ್ನು ಯೋಜಿಸುವುದರಲ್ಲಿ ಅರ್ಥವಿಲ್ಲ. ಇಲಾಖೆ ಒಂದು ಕಡೆ, ವಿಶ್ವವಿದ್ಯಾಲಯ ಇನ್ನೊಂದು ಕಡೆ ಇರುವುದರಿಂದ ಈ ಗಾಡಿ ಯಾರದು, ಡೀಸೆಲ್ ಯಾರದು ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಏಳುತ್ತದೆ. ಸಭೆ ಅಲ್ಲಿಗೇ ನಿಲ್ಲದಿರಬೇಕಾದರೆ ಅದರ ಖರ್ಚನ್ನು ಬಜೆಟ್ಟಿನ ಯಾವ ಬಾಬ್ತಿನಿಂದ ಕೊಡಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಂಡು ಹೋಗಬೇಕು.